ಅಂಬಿಯ ಪಥ್ಯದ ಆರು ತಿಂಗಳು

ಮೊನ್ನೆ ದೊಮ್ಮಲೂರಿನ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳೊಬ್ಬಳ ಕೈಯಿಂದ ಮೀನೆಣ್ಣೆಯ ಬಾಟಲಿ ಜಾರಿ ಬಿದ್ದು ಒಡೆಯಿತು. ಅಂಗಡಿಯವನು ಮೂಗು ಮುಚ್ಚಿಕೊಂಡು ಬೈದ, ಅವಳು ಸಾರಿ ಸಾರಿ ಅಂದಳು. ನಾನು ಮಾತ್ರ ಏನು ಕೊಳ್ಳಲು ಬಂದಿದ್ದೆ ಎನ್ನುವುದನ್ನೂ ಮರೆತು ನಿಂತುಬಿಟ್ಟೆ. ಇಪ್ಪತ್ತು ವರ್ಷವಾಯಿತು, ಆ ವಾಸನೆ ನನ್ನ ಬೆರಳಿನಿಂದ ಹೋಗಿದೆ ಎಂದುಕೊಂಡಿದ್ದೆ. ಎಲ್ಲಿ ಹೋಗಿರುತ್ತದೆ! ಮರ್ಫಿ ಟೌನಿನ ಆ ಒಂದೇ ಕೋಣೆ, ಬಿಡದೆ ಸುರಿಯುತ್ತಿದ್ದ ಜಿಟಿಜಿಟಿ ಮಳೆ, ತುಟಿ ಬಿಗಿಹಿಡಿದು ಗೋಡೆಗೆ ಮುಖ ಮಾಡಿ ಕೂತ ನನ್ನ ಮಗಳು ಅಂಬಿಕಾ, ಎಲ್ಲ ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಬಂದು ನಿಂತವು.

ನಾವು ಕಲಬುರಗಿ ಕಡೆಯವರು. ನನ್ನ ಗಂಡ ಶರಣಪ್ಪ ಕೆ.ಆರ್. ಪುರದ ಹತ್ತಿರ ಗೇಟು, ಕಿಟಕಿ ಮಾಡುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದರು. ನಾನು ಮನೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಸೀರೆಗಳಿಗೆ ಫಾಲ್ಸ್ ಹಚ್ಚುತ್ತಿದ್ದೆ. ವಠಾರದಲ್ಲಿ ಐದು ಕೋಣೆ, ಅಂಗಳದ ನಡುವೆ ಎಲ್ಲರಿಗೂ ಸೇರಿ ಒಂದು ನಲ್ಲಿ. ನಲ್ಲಿಯ ಆಚೆಗೆ, ನಮ್ಮ ಬಾಗಿಲಿಗೆ ಎದುರಾಗಿ ಮನೆಯ ಒಡತಿ ಸರೋಜಮ್ಮ. ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದು ಕೆಲಸ ಬಿಟ್ಟಿದ್ದ ವಿಧವೆ. ಮನೆಮಾತು ತಮಿಳು, ನಮ್ಮ ಜೊತೆ ಹಲಸೂರಿನ ಕನ್ನಡ. ಅವರ ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಅದರ ಪಕ್ಕ ಬುದ್ಧ. ನಾವು ಬಂದ ಮೊದಲ ಸಂಜೆ ಅವರು ಒಂದು ಬಟ್ಟಲು ಮೊಸರನ್ನ ತಂದುಕೊಟ್ಟು ಹೋದರು. ಸುಳ್ಳು ಯಾಕೆ ಹೇಳಲಿ, ನಾನು ಬಟ್ಟಲು ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತಿದ್ದೆ. ಲಿಂಗ ಕಟ್ಟಿದ ಮನೆತನದಲ್ಲಿ ಹುಟ್ಟಿದವಳು, ಊರಿನಲ್ಲಿ ಕೇರಿಯವರ ಮನೆಯ ನೀರು ಮುಟ್ಟದೆ ಬೆಳೆದವಳು. ಅಷ್ಟರಲ್ಲಿ ಅಂಬಿ ಬಟ್ಟಲಿಗೆ ಕೈಹಾಕಿ ಉಣ್ಣತೊಡಗಿದಳು. ಯಾರ ಮನೆಯಲ್ಲೂ ಏನನ್ನೂ ಮುಟ್ಟದ ಮಗು! ಅವಳ ಹಿಂದೆ ನಾನೂ ಉಂಡೆ. ಅವತ್ತಿನಿಂದ ದಿನಾ ಸಂಜೆ ಬಟ್ಟಲು ಬರುತ್ತಿತ್ತು. ಖಾಲಿ ಬಟ್ಟಲು ವಾಪಸು ಕೊಡುವುದುಂಟೇ, ನಾನು ಶೇಂಗಾ ಹಿಂಡಿಯನ್ನೋ ಎರಡು ರೊಟ್ಟಿಯನ್ನೋ ಇಟ್ಟು ಕೊಡುತ್ತಿದ್ದೆ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ನನಗೆ ಇದ್ದದ್ದು ಅದೊಂದೇ ಬಳಕೆ.

ನಾವು ಬಂದ ಮರುವರ್ಷ ಅಂಬಿಗೆ ಐದು ತುಂಬಿತು. ಒಂದು ಮಾತೂ ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಎತ್ತಿಕೊಂಡರೆ ಮೈ ಸೆಟೆಸುತ್ತಿದ್ದಳು. ಶಾಲೆಗೆ ಸೇರಿಸಿದ ವಾರಕ್ಕೇ, ಈ ಮಗು ನಮ್ಮಿಂದ ಆಗಲ್ಲ ಎಂದು ಹಿಂದಕ್ಕೆ ಕಳಿಸಿದರು. ಸರಕಾರಿ ಆಸ್ಪತ್ರೆಯಲ್ಲಿ ಎರಡು ಮೂರು ಸಲ ನೋಡಿದ ಮೇಲೆ ಡಾಕ್ಟರು ಆಟಿಸಂ ಎಂದರು. ಇದಕ್ಕೆ ಔಷಧಿ ಇಲ್ಲ, ವಾರ ವಾರ ಕರೆದುಕೊಂಡು ಬನ್ನಿ, ನಿಧಾನಕ್ಕೆ ಕಲಿಸೋಣ ಎಂದರು. ಕಲಿಸುವ ಟೀಚರು ಒಳ್ಳೆಯವರು. ಮೊದಲು ಬೇಕು ಅಂತ ಕೇಳುವುದನ್ನು ಅವಳು ಕಲಿಯಲಿ, ಮಾತಿನಲ್ಲೇ ಆಗಬೇಕೆಂದಿಲ್ಲ, ಕೈ ತೋರಿಸಿದರೂ ಸಾಕು ಎಂದು ಹೇಳಿಕೊಟ್ಟರು. ನನಗೆ ಕೈ ಸಾಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಮಾತು, ಅವಳು ನನ್ನನ್ನು ಅವ್ವಾ ಎನ್ನಬೇಕಾಗಿತ್ತು. ಊರಿನಲ್ಲಿ ಆಗ ನಾದಿನಿಗೆ ಗಂಡು ನೋಡುತ್ತಿದ್ದರು. ಈ ವಿಷಯ ಯಾರಿಗೂ ಹೇಳಬೇಡ, ಸಂಬಂಧ ಮುರಿಯುತ್ತವೆ ಎಂದು ಅತ್ತೆ ಫೋನಿನಲ್ಲಿ ಆಣೆ ಹಾಕಿಸಿಕೊಂಡರು. ಹಾಗಾಗಿ ತವರಿನಲ್ಲೂ ಹೇಳಲಿಲ್ಲ, ವಠಾರದಲ್ಲೂ ಹೇಳಲಿಲ್ಲ. ನಮ್ಮ ಕಡೆ ಕೆಲವರಿಗೆ ಮಾತು ತಡ, ನಮ್ಮಜ್ಜನೂ ಏಳು ವರ್ಷಕ್ಕೇ ಮಾತಾಡಿದ್ದು ಎಂದು ಕತೆ ಕಟ್ಟಿದೆ. ಎಲ್ಲರೂ ನಂಬಿದರು.

ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬ ತಾಯಿ ಒಂದು ಭಾನುವಾರ ನಮ್ಮನ್ನು ಇಂದಿರಾನಗರದ ಮನೆಯೊಂದಕ್ಕೆ ಕರೆದುಕೊಂಡು ಹೋದಳು. ಇಂಥ ಮಕ್ಕಳಿರುವ ಹತ್ತು ಹನ್ನೆರಡು ಅಪ್ಪ ಅಮ್ಮಂದಿರು ಅಲ್ಲಿ ಸೇರಿದ್ದರು. ಆ ಮನೆಯ ಮೇಡಂ ತಮ್ಮ ಮಗನನ್ನು ಕರೆದರು. ಎಂಟು ವರ್ಷದ ಹುಡುಗ ನೆಲ ನೋಡುತ್ತ ಗುಡ್ ಮಾರ್ನಿಂಗ್ ಎಂದು ಹೇಳಿ ಒಳಗೆ ಹೋದ. ಗೋಧಿ ಬಿಡಿಸಿದೆ, ಹಾಲು ಬಿಡಿಸಿದೆ, ಆರು ತಿಂಗಳಿಗೆ ಮಾತು ಬಂತು ಎಂದರು ಮೇಡಂ. ಆ ಎರಡರಲ್ಲಿ ಇರುವುದೇನೋ ಇಂಥ ಮಕ್ಕಳ ಹೊಟ್ಟೆಯಲ್ಲಿ ಜೀರ್ಣವಾಗದೆ ತಲೆಗೆ ಮಂಪರು ಕವಿಸುತ್ತದಂತೆ. ಜೊತೆಗೆ ಮೀನೆಣ್ಣೆ, ಬಿ ಸಿಕ್ಸ್ ಮಾತ್ರೆ, ಮೆಗ್ನೀಸಿಯಂ ಪುಡಿ. ಎಲ್ಲ ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆಯ ಜೆರಾಕ್ಸ್ ಕೊಟ್ಟರು. ನಮ್ಮವರು ಬಸ್ಸಿನಲ್ಲಿ ಅದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಬಂದರು. ಆ ಬಸ್ಸಿನಲ್ಲಿ ನಾನು ಎಷ್ಟು ಸಂತೋಷವಾಗಿದ್ದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಮುಂದಿನ ವಾರ ಆಸ್ಪತ್ರೆಯಲ್ಲಿ ಕೇಳಿದೆವು. ಇದರಿಂದ ಮಾತು ಬರುತ್ತದೆ ಎಂದು ನಾನು ಹೇಳಲಾರೆ, ಮಾಡಲೇಬೇಕೆಂದಿದ್ದರೆ ತಿಂಗಳಿಗೊಮ್ಮೆ ಬಂದು ತೂಕ ತೋರಿಸಿ ಎಂದರು ಡಾಕ್ಟರು. ನಾವು ನಮಗೆ ಬೇಕಾದಷ್ಟನ್ನೇ ಕೇಳಿಸಿಕೊಂಡೆವು. ಬೇಡ ಅನ್ನಲಿಲ್ಲವಲ್ಲ ಎಂದು ಖುಷಿಯಾಗಿ ಬಂದೆವು.

ಗೋಧಿ ಬಿಡುವುದು ನಮಗೇನು ಕಷ್ಟ ಎಂದುಕೊಂಡಿದ್ದೆ. ಜೋಳದ ರೊಟ್ಟಿ ತಿಂದು ಬೆಳೆದ ಮಂದಿ ನಾವು, ಚಪಾತಿ ಕಲಿತದ್ದೇ ಬೆಂಗಳೂರಿಗೆ ಬಂದ ಮೇಲೆ. ಆದರೆ ಪಥ್ಯ ನನಗಲ್ಲವಲ್ಲ. ಅಂಬಿ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಮೂರೇ ಮೂರು: ಸಕ್ಕರೆ ಹಚ್ಚಿದ ಚಪಾತಿ, ಗ್ಲೂಕೋಸ್ ಬಿಸ್ಕತ್ತು, ಸರೋಜಮ್ಮನ ಮೊಸರನ್ನ. ಮೂರೂ ಒಂದೇ ದಿನ ನಿಂತವು. ಬಿಸಿ ರೊಟ್ಟಿ ಮುರಿದು ಬೆಲ್ಲ ಕಲಸಿ ಕೊಟ್ಟರೆ ಅದನ್ನು ಮೂಸಿ ನೋಡಿ ಕೆಳಗಿಡುವಳು. ರಾಗಿ ಗಂಜಿ ಉಗುಳುವಳು. ಬರೀ ಅನ್ನವನ್ನು ಅಗುಳು ಅಗುಳಾಗಿ ಆರಿಸಿ ತಿನ್ನುವಳು, ಅದೂ ಮನಸ್ಸು ಬಂದರೆ. ಒಂದು ತಿಂಗಳು ಹೀಗೆ ಕಳೆದ ಮೇಲೆ, ಸಾರಿಗೆ ಹಾಕುವ ಇಂಗಿನ ಡಬ್ಬಿಯ ಮೇಲೆ ಮೈದಾ ಎಂದು ಬರೆದಿರುವುದನ್ನು ನಮ್ಮವರು ಓದಿದರು, ಅದೂ ಗೋಧಿಯೇ. ಅಯ್ಯೋ ಶಿವನೇ, ಇಷ್ಟು ದಿನ ಮಾಡಿದ್ದೆಲ್ಲ ದಂಡವಾಯಿತು ಎಂದು ಒಲೆಯ ಮುಂದೆ ಕೂತು ಅತ್ತೆ. ಮತ್ತೆ ಮೊದಲಿನಿಂದ ದಿನ ಎಣಿಸತೊಡಗಿದೆ.

ಇನ್ನು ಮೀನೆಣ್ಣೆ. ಮೊಟ್ಟೆಯ ಸಿಪ್ಪೆ ಕಂಡರೆ ದಾರಿ ಬದಲಿಸುವ ಜಾತಿ ನನ್ನದು. ಔಷಧ ಅಂದ ಮೇಲೆ ಕಣ್ಣು ಮುಚ್ಚಿ ಕುಡಿಸು ಎಂದು ಹೇಳಿ ನಮ್ಮವರು ಕೆಲಸಕ್ಕೆ ಹೋಗಿಬಿಟ್ಟರು, ಕುಡಿಸುವವಳು ನಾನು. ಅಂಬಿಯನ್ನು ತೊಡೆಯ ಮೇಲೆ ಮಲಗಿಸಿ, ಎರಡೂ ಕೈ ನನ್ನ ಕಂಕುಳಲ್ಲಿ ಹಿಡಿದು, ಚಮಚದಿಂದ ಹಲ್ಲು ಬಿಡಿಸಿ ಹೊಯ್ಯುತ್ತಿದ್ದೆ. ಅರ್ಧ ಅವಳ ಕೊರಳಿಗೆ, ಅರ್ಧ ನನ್ನ ಸೀರೆಗೆ. ಆಮೇಲೆ ಹುಣಸೆಹಣ್ಣು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದು ಲಿಂಗಪೂಜೆಗೆ ಕೂರುತ್ತಿದ್ದೆ. ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ನೋಡುತ್ತಿದ್ದರೆ ಮೂಗಿಗೆ ಮೀನು ಬರುತ್ತಿತ್ತು. ತಪ್ಪಾಯಿತು ಅನ್ನುತ್ತಿದ್ದೆ, ಒಂದು ಮಾತು ಕೊಡು ಅನ್ನುತ್ತಿದ್ದೆ.

ಪಥ್ಯ ಶುರುವಾದ ದಿನವೇ ಸಂಜೆ ಬಟ್ಟಲು ಬಂತು. ಇವತ್ತು ಹೊಟ್ಟೆ ಸರಿಯಿಲ್ಲ ಎಂದು ತುಂಬಿದ ಬಟ್ಟಲನ್ನೇ ಹಿಂದಕ್ಕೆ ಕೊಟ್ಟೆ. ಮರುದಿನ ಅನ್ನ ಮಿಕ್ಕಿದೆ ಎಂದೆ. ಮೂರನೆಯ ದಿನ ಏನೂ ನೆವ ಹೊಳೆಯದೆ ಸುಮ್ಮನೆ ಬೇಡಮ್ಮ ಎಂದೆ. ಸರೋಜಮ್ಮ ನನ್ನ ಮುಖ ನೋಡಿದರು, ಬಟ್ಟಲು ನೋಡಿದರು, ಸೆರಗಿನಿಂದ ಮುಚ್ಚಿಕೊಂಡು ಹೋದರು. ನಾಲ್ಕನೆಯ ದಿನ ಬರಲಿಲ್ಲ. ನಿಜ ಹೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಹಾಲು ಯಾಕೆ ಬೇಡ ಎಂದು ಹೇಳಲು ಹೊರಟರೆ ಮಗುವಿಗೆ ಏನಾಗಿದೆ ಎಂದು ಹೇಳಬೇಕು. ಅಷ್ಟು ನನ್ನ ಬಾಯಿಂದ ಬರಲಿಲ್ಲ. ಆಮೇಲೆ ಅಕ್ಕಪಕ್ಕದವರು ಬಿಸ್ಕತ್ತು ಕೊಟ್ಟುಬಿಟ್ಟಾರು ಎಂದು ಹಗಲು ಹೊತ್ತಿನಲ್ಲೂ ಬಾಗಿಲು ಹಾಕಿಕೊಂಡೇ ಇರತೊಡಗಿದೆ. ಮಿಷನ್ನಿನ ಸದ್ದು, ಅಂಬಿ ನೆಲದ ಮೇಲೆ ಡಬ್ಬಿಯ ಮುಚ್ಚಳ ಗಿರ್ರನೆ ತಿರುಗಿಸುತ್ತ ಕೂರುವ ಸದ್ದು, ಬೆಳಗ್ಗೆ ಮಿಲಿಟರಿ ಏರಿಯಾದ ಕಡೆಯಿಂದ ತೇಲಿಬರುವ ಬ್ಯಾಂಡು. ಎಷ್ಟೋ ದಿನ ನಮ್ಮವರು ಕೆಲಸದಿಂದ ಬರುವ ತನಕ ನಾನು ದೊಡ್ಡವರ ಜೊತೆ ಒಂದು ಮಾತೂ ಆಡಿರುತ್ತಿರಲಿಲ್ಲ.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಬೇಕು. ಮದುವೆಯಾದ ಮೇಲೆ ನಾನು ಒಂದು ವರ್ಷವೂ ತಪ್ಪಿಸಿದವಳಲ್ಲ. ನನ್ನ ತಮ್ಮ ರೈಲಿನಲ್ಲಿ ನಿಂತುಕೊಂಡೇ ಬಂದಿದ್ದ. ನಾನು ಹೊರಡುವ ಸಿದ್ಧತೆಯನ್ನೇ ಮಾಡಿರಲಿಲ್ಲ. ತವರಿಗೆ ಹೋದರೆ ಅಜ್ಜಿ ಹಾಲು ಕುಡಿಸುವಳು, ಅತ್ತಿಗೆ ಹೋಳಿಗೆ ತಿನ್ನಿಸುವಳು, ಓಣಿಯವರೆಲ್ಲ ಉಂಡಿ ಹಿಡಿದು ಬರುವರು, ಯಾರ ಕೈ ಹಿಡಿಯಲಿ? ಕೆಲಸ ಬಹಳ ಇದೆ ಎಂದೆ. ಅವನು ಮುಚ್ಚಿದ ಬಾಗಿಲು ನೋಡಿದ, ಅಂಬಿಯ ಸಣ್ಣಗಾದ ತೋಳು ನೋಡಿದ.

"ಅಕ್ಕ, ಅವ್ವ ನಿನ್ನ ಸಲುವಾಗಿ ಜೋಕಾಲಿ ಕಟ್ಟಿಸ್ಯಾಳ. ನಾ ಒಬ್ನೇ ಹೋದ್ರ ಆಕಿಗೆ ಏನಂತ ಹೇಳ್ಲಿ?"

ಸೀರೆ ಕೊಡುವುದಿದೆ ಅಂತ ಹೇಳು ಎಂದೆ. ಅವನು ಊಟ ಮಾಡದೆ ಎದ್ದ. ಅವನು ಗಲ್ಲಿಯ ತಿರುವು ದಾಟುವ ತನಕ ನೋಡಿ, ಒಳಗೆ ಬಂದು ಬಾಗಿಲು ಹಾಕಿಕೊಂಡು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ. ಅಂಬಿ ನನ್ನ ಕಡೆ ತಿರುಗಲಿಲ್ಲ. ಆ ದಿನ ನನಗೆ ಅವಳ ಮೇಲೂ ಸಿಟ್ಟು ಬಂತು. ಹೆತ್ತ ಮಗುವಿನ ಮೇಲೆ ಸಿಟ್ಟು ಬಂದದ್ದಕ್ಕೆ ಮತ್ತಷ್ಟು ಅತ್ತೆ.

ವಿಜಯದಶಮಿಯ ದಿನ, ಅದು ಬಾಬಾಸಾಹೇಬರು ಬೌದ್ಧರಾದ ದಿನವಂತೆ, ಸರೋಜಮ್ಮ ಬಿಳಿ ಸೀರೆ ಉಟ್ಟು ತಮ್ಮವರ ಜೊತೆ ಬುದ್ಧವಿಹಾರಕ್ಕೆ ಹೋಗಿಬಂದರು. ಸಂಜೆ ಪಾಯಸ ಮಾಡಿ ವಠಾರಕ್ಕೆಲ್ಲ ಹಂಚಿದರು. ಅದು ಪ್ರತಿ ವರ್ಷದ ಪದ್ಧತಿ. ಹಿಂದಿನ ವರ್ಷ ಮೊದಲ ಲೋಟ ಅಂಬಿಗೇ ಕೊಟ್ಟಿದ್ದರು. ಈ ಸಲ ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಒಂದನೇ ಬಾಗಿಲು, ಎರಡನೇ ಬಾಗಿಲು, ನಮ್ಮ ಬಾಗಿಲು ದಾಟಿ ಕೊನೆಯ ಬಾಗಿಲು. ಪಾತ್ರೆ ಹಿಡಿದು ನಮ್ಮ ಮುಂದಿನಿಂದಲೇ ನಡೆದು ಹೋದರು. ಸದ್ಯ, ಬೇಡ ಅನ್ನುವ ಕಷ್ಟ ತಪ್ಪಿತು ಎಂದು ನಾನು ಉಸಿರು ಬಿಟ್ಟೆ. ನೋಡಿ, ನನ್ನ ಬುದ್ಧಿ ಅಷ್ಟಕ್ಕೇ ನಿಂತಿತ್ತು. ಆಕೆ ಯಾಕೆ ನಮ್ಮ ಬಾಗಿಲು ಬಿಟ್ಟರು ಎಂದು ಒಂದು ಸಲವೂ ಯೋಚಿಸಲಿಲ್ಲ.

ಅದು ತಿಳಿದದ್ದು ಕಾರ್ತಿಕದಲ್ಲಿ. ಮಧ್ಯಾಹ್ನ ನಾನು ಬಚ್ಚಲಿಗೆ ಹೋಗಿದ್ದಾಗ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಬಂದು ನೋಡಿದರೆ ಅಂಬಿ ಇಲ್ಲ. ಗಲ್ಲಿಗೆ ಓಡಬೇಕು ಎನ್ನುವಷ್ಟರಲ್ಲಿ ಎದುರು ಮನೆಯಲ್ಲಿ ಅವಳ ಫ್ರಾಕು ಕಂಡಿತು. ಅಂಬಿ ಸರೋಜಮ್ಮನ ಅಡುಗೆಮನೆಯಲ್ಲಿ ನಿಂತು ಅವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹಿಡಿದು ಮೊಸರಿನ ಗಡಿಗೆಯ ಮೇಲೆ ತಂದಿಡುತ್ತಿದ್ದಳು. ಅವರು ಕೈ ಹಿಂದಕ್ಕೆ ತೆಗೆದರೆ ಮತ್ತೆ ಹಿಡಿದು ತಂದಿಡುವಳು. ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಿದ್ದಳು. ಐದು ವರ್ಷದಲ್ಲಿ ನನ್ನ ಮುಖವನ್ನು ಹಾಗೆ ನೋಡಿದವಳಲ್ಲ. ಸರೋಜಮ್ಮನ ಕಣ್ಣು ತುಂಬಿತ್ತು. ನನ್ನನ್ನು ನೋಡಿದ ಕೂಡಲೇ ಕೈ ಬಿಡಿಸಿಕೊಂಡರು.

"ಎತ್ಕೊಂಡು ಹೋಗಮ್ಮಾ. ನಾನೇನೂ ಕೊಟ್ಟಿಲ್ಲ. ನಮ್ಮನೆ ಅನ್ನ ನಿಮಗೆ ಆಗಲ್ಲ ಅಂತ ಗೊತ್ತಾಯ್ತಲ್ಲ."

ಆಗ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಆ ಮೂರು ದಿನದ ನೆವಗಳು, ಮುಚ್ಚಿದ ಬಾಗಿಲು, ಪಾಯಸ. ಹಾಗಲ್ಲಮ್ಮ ಎನ್ನಲು ಬಾಯಿ ತೆರೆದೆ. ಹಾಗಲ್ಲದಿದ್ದರೆ ಹೇಗೆ ಎಂದು ಅವರು ಕೇಳಿದರೆ? ಅತ್ತೆಯ ಆಣೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಇದನ್ನು ಮುಚ್ಚಿಡುವುದೇಕೆ, ಅಂಬಿ ಆ ಕೈ ಹಿಡಿದಿದ್ದು ನನ್ನ ಹೊಟ್ಟೆಯಲ್ಲಿ ಬೆಂಕಿ ಹಾಕಿತ್ತು. ಇಷ್ಟು ದಿನ ಲಿಂಗ ಹಿಡಿದು ಕೂತು ದೇವರಿಗೆ ಮೊರೆಯಿಟ್ಟವಳು ನಾನು, ಅಂಬಿ ಮೊದಲ ಸಲ ಕೇಳಿದ್ದು ಅವರನ್ನು! ಚೀರುತ್ತಿದ್ದ ಮಗುವನ್ನು ಕಂಕುಳಲ್ಲಿ ಹಾಕಿಕೊಂಡು ಬಂದುಬಿಟ್ಟೆ.

ಇನ್ನೂ ಕೆಟ್ಟದ್ದನ್ನು ಹೇಳುತ್ತೇನೆ. ಸಂಜೆಯ ಹೊತ್ತಿಗೆ ಆ ಹೊಟ್ಟೆಕಿಚ್ಚು ಇಳಿದು ಸಂಭ್ರಮ ಶುರುವಾಯಿತು. ಅಂಬಿ ಕೇಳಿದ್ದಳು! ಟೀಚರು ಹೇಳಿದಂತೆಯೇ ಕೈ ಹಿಡಿದು ಕೇಳಿದ್ದಳು, ಮುಖ ನೋಡಿದ್ದಳು. ಪಥ್ಯ ಹಿಡಿಯಿತು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ನಮ್ಮವರು ಬೂತಿನಿಂದ ಇಂದಿರಾನಗರದ ಮೇಡಂಗೆ ಫೋನು ಮಾಡಿದರು. ಅವರೂ ಸಂತೋಷಪಟ್ಟು, ಈಗಂತೂ ಬಿಡಲೇಬೇಡಿ ಎಂದರಂತೆ. ಮಗು ಮೊಸರಿಗಾಗಿ ಕೈ ಹಿಡಿದು ಬೇಡಿಕೊಂಡಿದೆ, ನಾವು ಅದನ್ನು ಮೊಸರು ಬಿಡಿಸಿದ್ದರ ಫಲ ಎಂದು ಸಂಭ್ರಮಿಸುತ್ತಿದ್ದೇವೆ. ಚಿಲಕಕ್ಕೆ ಬೀಗ ತಂದು ಹಾಕಿದೆ. ಮೀನೆಣ್ಣೆಯನ್ನು ಒಂದು ಚಮಚದಿಂದ ಎರಡಕ್ಕೆ ಏರಿಸಿದೆ, ಯಾರನ್ನೂ ಕೇಳದೆ.

ಅದಾದ ಮೇಲೆ ಅಂಬಿ ಅನ್ನವನ್ನೂ ಬಿಟ್ಟಳು. ಬೀಗ ಹಾಕಿದ ಬಾಗಿಲಿಗೆ ಹಣೆ ಒತ್ತಿ ನಿಲ್ಲುವಳು. ಭಾನುವಾರ ಹಲಸೂರು ಕೆರೆಯ ದಂಡೆಗೆ ಕರೆದೊಯ್ದರೆ ನೀರು ನೋಡಿ ಕುಣಿಯುತ್ತಿದ್ದವಳು ಈಗ ನಾಲ್ಕು ಹೆಜ್ಜೆಗೆ ನೆಲಕ್ಕೆ ಕೂರುವಳು. ಇನ್ನ ಸಾಕು ಮಾಡೋಣೇನು ಎಂದು ನಮ್ಮವರು ಎರಡು ಸಲ ಮೆಲ್ಲಗೆ ಕೇಳಿದರು. ಆರು ತಿಂಗಳು ತುಂಬಲಿ ಎಂದು ನಾನು ಹಟ ಹಿಡಿದೆ. ಡಿಸೆಂಬರಿನ ಚಳಿಯಲ್ಲಿ ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಮುಖ ತೊಳೆಯಿಸುತ್ತಿದ್ದಾಗ ಅವಳು ನನ್ನ ಕೈಯಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದರು. ನಾವು ಮೂರು ತಿಂಗಳಿನಿಂದ ತೂಕಕ್ಕೂ, ಟೀಚರ ಹತ್ತಿರಕ್ಕೂ ಹೋಗಿರಲಿಲ್ಲ. ಡಾಕ್ಟರು ಹಳೆಯ ಚೀಟಿ ನೋಡಿದರು, ಮುಳ್ಳು ನೋಡಿದರು, ಅವಳ ರೆಪ್ಪೆ ಬಿಡಿಸಿ ನೋಡಿದರು. ಬೈಯುತ್ತಾರೆ ಎಂದು ಕಾದು ನಿಂತಿದ್ದೆ, ಬೈಯಲಿಲ್ಲ.

"ಮಗು ಹಸಿದಿದೆ ಅಮ್ಮ," ಎಂದರು. "ಇವತ್ತಿಂದ ಅದು ಏನು ತಿನ್ನುತ್ತೋ ಅದನ್ನೇ ಕೊಡಿ."

ಮನೆಗೆ ಬಂದು ಅವಸರದಲ್ಲಿ ಚಪಾತಿ ಲಟ್ಟಿಸಿ ಸಕ್ಕರೆ ಹಚ್ಚಿದೆ. ಅಂಬಿ ಮುಟ್ಟಲಿಲ್ಲ. ಬಿಸ್ಕತ್ತು ತರಿಸಿದೆ, ಅದನ್ನೂ ಮುಟ್ಟಲಿಲ್ಲ. ಮೊಸರು ತರಿಸಿ ಅನ್ನ ಕಲಸಿ ಬಾಯಿಯ ಹತ್ತಿರ ಒಯ್ದರೆ ನನ್ನ ಕೈ ಕಂಡೊಡನೆ ತುಟಿ ಬಿಗಿದಳು. ಆರು ತಿಂಗಳು ಆ ಕೈ ಚಮಚ ಹಾಕಿ ಅವಳ ಹಲ್ಲು ಬಿಡಿಸಿತ್ತಲ್ಲ, ಹೇಗೆ ನಂಬುತ್ತಾಳೆ? ಅವಳು ನನ್ನನ್ನು ಅವ್ವಾ ಅನ್ನಲಿಲ್ಲ. ಆ ವರ್ಷ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಅದು ಪಥ್ಯದಿಂದ ಬರುವುದೂ ಅಲ್ಲ, ಪಥ್ಯ ಬಿಟ್ಟಿದ್ದರಿಂದ ಹೋದದ್ದೂ ಅಲ್ಲ ಎಂದು ಈಗ ಗೊತ್ತು. ಆ ಸಂಜೆ ನನಗೆ ಮಾತು ಬೇಕಾಗಿರಲಿಲ್ಲ. ಒಂದು ತುತ್ತು ಅವಳ ಗಂಟಲಿಗೆ ಇಳಿದಿದ್ದರೆ ಸಾಕಾಗಿತ್ತು.

ಬೀಗ ತೆಗೆದು ಅವಳನ್ನು ಎತ್ತಿಕೊಂಡು ಅಂಗಳ ದಾಟಿದೆ. ಸರೋಜಮ್ಮ ಅಕ್ಕಿ ಆರಿಸುತ್ತ ಕೂತಿದ್ದರು. ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದೆ. ಆಟಿಸಂ ಎಂಬ ಶಬ್ದವನ್ನು ಬೇರೆಯವರ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಶಾಲೆ, ಆಸ್ಪತ್ರೆ, ಇಂದಿರಾನಗರ, ಹಾಲು, ಗೋಧಿ, ಮೀನೆಣ್ಣೆ, ನಾದಿನಿಯ ಮದುವೆ. ಬೇಡ ಅಂದದ್ದು ಹಾಲನ್ನು, ನಿಮ್ಮನ್ನಲ್ಲ ಎಂದೆ. ಹೇಳುತ್ತ ಹೇಳುತ್ತ, ಮೊದಲ ಸಂಜೆ ಬಟ್ಟಲು ಹಿಡಿದು ನಿಂತಿದ್ದ ನನ್ನನ್ನು ಇವರು ನೋಡಿರಬಹುದು ಎಂದು ಹೊಳೆಯಿತು. ಅವರು ಮೊರದಿಂದ ಕೈ ತೆಗೆಯದೆ ಪೂರ್ತಿ ಕೇಳಿದರು.

"ನಮಗೆ ಯಾರಾದ್ರೂ ಬೇಡ ಅಂದ್ರೆ ಯಾಕೆ ಅಂತ ಕೇಳೋ ಅಭ್ಯಾಸ ಇಲ್ಲಮ್ಮಾ," ಎಂದರು. "ಚಿಕ್ಕ ವಯಸ್ಸಿಂದ ಗೊತ್ತೇ ಇರುತ್ತೆ." ಆಮೇಲೆ ಅಂಬಿಯ ಕಾಲು ಮುಟ್ಟಿ ನೋಡಿದರು. ಕಡ್ಡಿಯಂಥ ಕಾಲು. "ಮಗೂಗೆ ಹಿಂಗಿದೆ ಅಂತ ಒಂದ್ ಮಾತು ಹೇಳಿದ್ರೆ, ನಾನೂ ಆರು ತಿಂಗಳು ಈ ಮನೇಲಿ ಹಾಲು ತರಿಸ್ತಿರ್ಲಿಲ್ಲ ಮಹಾದೇವಿ."

ನನ್ನ ತೋಳಿನಿಂದ ಅಂಬಿಯನ್ನು ತೆಗೆದುಕೊಂಡು ಒಳಗೆ ಹೋದರು. ತಟ್ಟೆಗೆ ಅನ್ನ ಹಾಕಿ, ಮೊಸರು ಹೊಯ್ದು, ಉಪ್ಪು ಉದುರಿಸಿ ಮೆತ್ತಗೆ ಹಿಸುಕಿದರು. ಅಂಬಿ ಅವರ ಕೈ ಹಿಡಿದು ತನ್ನ ಬಾಯಿಯ ಕಡೆ ಎಳೆದುಕೊಂಡಳು. ಒಂದು ತುತ್ತು, ಇನ್ನೊಂದು ತುತ್ತು. ನಾನು ಹೊಸ್ತಿಲ ಹೊರಗೆ ಗೋಡೆ ಹಿಡಿದು ನಿಂತು ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ.

ಆ ವಠಾರದಲ್ಲಿ ಇನ್ನೂ ಎರಡು ವರ್ಷ ಇದ್ದೆವು. ಅಂಬಿ ಪ್ರತಿ ಸಂಜೆ ಸರೋಜಮ್ಮನ ಕೈಯಲ್ಲೇ ಉಂಡಳು, ಮೈ ಕೈ ತುಂಬಿಕೊಂಡಳು. ನನ್ನ ಜೊತೆ ಅವರು ನೀರಿನ ಮಾತು, ಕರೆಂಟಿನ ಮಾತು ಎಲ್ಲ ಆಡಿದರು, ಒಂದು ದಿನವೂ ಗದರಲಿಲ್ಲ. ಒಳಗೆ ಬಾ ಎಂದು ಮಾತ್ರ ಕರೆಯಲಿಲ್ಲ. ಕರೆದಿದ್ದರೆ ನಾನು ಹೋಗಿ ಅಂಬಿಯ ಪಕ್ಕ ನೆಲದ ಮೇಲೆ ಕೂತು ಅದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆ.